ಕೆಂಚಿಗೆ ಜಿಮ್ಮಿಯ ತಟ್ಟೆ ಬೇಡವಾಗಿತ್ತು

ಮೊನ್ನೆ ಭಾನುವಾರ ಬಂದೆಯಲ್ಲ, ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ನನ್ನ ಕಣ್ಣಿಗೆ ಹಿಡಿದೆ. "ಅಜ್ಜಿ, ನೋಡು ಇದನ್ನ. ನಮ್ಮ ಬ್ರೂನೋ ಥರಾನೇ ಇಲ್ವಾ? ಅದೇ ಕಿವಿ, ಹಣೆ ಮೇಲೆ ಅದೇ ಬಿಳಿ ನಾಮ. ನಾಳೇನೇ ಹೋಗಿ ತಂದ್ಬಿಡ್ತೀನಿ. ಹೆಸರೂ ಬ್ರೂನೋ ಅಂತಲೇ." ಬ್ರೂನೋ ಹೋಗಿ ಅವತ್ತಿಗೆ ಹನ್ನೊಂದು ದಿನ. ನಾನು ಏನೂ ಅನ್ನಲಿಲ್ಲ. ಕೈಕಾಲು ತೊಳೆದು ಬಾ, ಕಾಫಿ ಬೆರೆಸ್ತೀನಿ ಅಂದೆ. ನೀನು ಮುಖ ಊದಿಸಿಕೊಂಡು ಕುಳಿತೆ. ಅರ್ಧ ಲೋಟ ಕಾಫಿ ಬಿಟ್ಟು ಹೊರಟೂ ಹೋದೆ.

ಅವತ್ತು ಹೇಳಬೇಕಾದ್ದನ್ನು ಈಗ ಬರೆಯುತ್ತಿದ್ದೇನೆ. ಪೂರ್ತಿ ಓದು. ಎರಡು ಸಾಲು ಓದಿ "ಅಜ್ಜಿ ಬೇಡ ಅಂತಾಳೆ" ಎಂದು ನಿಮ್ಮಮ್ಮನ ಹತ್ತಿರ ದೂರು ಒಯ್ಯಬೇಡ. ನಾನು ಬೇಡ ಅನ್ನುತ್ತಿಲ್ಲ. ನಿಮ್ಮ ಮನೆಗೆ ಇನ್ನೊಂದು ನಾಯಿ ಬರಲಿ, ಬರಬೇಕು. ನಿನ್ನಂಥ ಮೆತ್ತನೆ ಮನಸ್ಸಿನವರು ಸಾಕದೆ ಇನ್ಯಾರು ಸಾಕಬೇಕು? ಆದರೆ ಬ್ರೂನೋನನ್ನು ಹುಡುಕಿಕೊಂಡು ಹೋಗಬೇಡ. ಅವನು ಯಾವ ಗೂಡಿನಲ್ಲೂ ಸಿಗುವುದಿಲ್ಲ.

ಮೊದಲು, ಅಳು ಬಂದರೆ ಅತ್ತುಬಿಡು. ಆಫೀಸಿನಲ್ಲಿ ಯಾರೋ "ಒಂದು ನಾಯಿಗೆ ಇಷ್ಟೊಂದಾ?" ಅಂದರಂತೆ, ನಿಮ್ಮಮ್ಮ ಹೇಳಿದಳು. ಅಂದವರಿಗೆ ಆತಕೂರಿನ ಶಾಸನದ ಕತೆ ಹೇಳು. ಮಂಡ್ಯ ಜಿಲ್ಲೆಯಲ್ಲಿ ಸಿಕ್ಕ ಕಲ್ಲು ಅದು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟಿದ್ದಾರೆ. 949ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ಅದರಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ಪರಾಕ್ರಮ ತೋರಿಸಿದ. ಮೆಚ್ಚಿದೆ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಊರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೊಂದು ಕಲ್ಲು ನಿಲ್ಲಿಸಿದ. ಅದರ ಮೇಲೆ ನಾಯಿ ಹಂದಿಯ ಚಿತ್ರ ಕೆತ್ತಿಸಿದ. ಜಮೀನು ಬಿಟ್ಟ. ಪೂಜಾರಿ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದ. ಸಾವಿರ ವರ್ಷದ ಹಿಂದೆ, ಯುದ್ಧ ಗೆದ್ದು ಬಂದ ಗಂಡಸು, ಒಂದು ನಾಯಿಗೆ ಇಷ್ಟು ಮಾಡಿದ್ದಾನೆ. ನೀನು ಎರಡು ದಿನ ರಜೆ ಹಾಕಿದ್ದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ನಮ್ಮ ಜಿಮ್ಮಿ ನೆನಪಿದ್ದಾನಾ? ಅವನು ಹೋದಾಗ ನೀನು ಏಳನೇ ಕ್ಲಾಸೋ ಎಂಟನೇ ಕ್ಲಾಸೋ. ಅವನಿಗೆ ಹದಿಮೂರು ವರ್ಷ, ಕಿಡ್ನಿ ಕೈಕೊಟ್ಟಿತ್ತು. ಅವನು ಹೋದ ಮೇಲೆ ಒಂದು ತಿಂಗಳು ನನ್ನ ಕೈಗೆ ಚಪಾತಿಯ ಲೆಕ್ಕ ಬದಲಾಗಲೇ ಇಲ್ಲ. ನಮ್ಮ ನಾಲ್ವರಿಗೆ ಹನ್ನೆರಡು, ಅವನಿಗೊಂದು. ಹದಿಮೂರನೆಯ ಉಂಡೆ ಲಟ್ಟಿಸಿ ಕಾವಲಿಗೆ ಹಾಕಿದ ಮೇಲೆ ನೆನಪಾಗುತ್ತಿತ್ತು. ಅದನ್ನು ಯಾರಿಗೂ ಬಡಿಸಲು ಮನಸ್ಸು ಬರುತ್ತಿರಲಿಲ್ಲ. ಕಾಂಪೌಂಡಿನ ಮೇಲೆ ಇಟ್ಟು ಬರುತ್ತಿದ್ದೆ. ಕಾಗೆ ತೆಗೆದುಕೊಂಡು ಹೋಗುತ್ತಿತ್ತು.

ನನ್ನ ಸಂಕಟ ನೋಡಲಾರದೆ ನಿನ್ನ ಸೋದರಮಾವ ಎಂಟೇ ದಿನದಲ್ಲಿ ಒಂದು ಮರಿ ತಂದುಬಿಟ್ಟ. ಜಿಮ್ಮಿಯ ಹಾಗೇ ಬಿಳಿ ಪೊಮೆರೇನಿಯನ್. ಯಾರೋ ಮಾರುವವನು, ಎರಡು ತಿಂಗಳಾಗಿದೆ, ಎಲ್ಲ ಇಂಜೆಕ್ಷನ್ ಆಗಿದೆ ಅಂದಿದ್ದನಂತೆ. ನಾವೂ ಅದಕ್ಕೆ ಜಿಮ್ಮಿ ಅಂತಲೇ ಕರೆದೆವು. ಜಿಮ್ಮಿ ಮಲಗುತ್ತಿದ್ದ ಚಾಪೆಯಲ್ಲೇ ಮಲಗಿಸಿದೆವು. ಐದನೆಯ ದಿನ ವಾಂತಿ ಶುರುವಾಯಿತು, ರಾತ್ರಿಯ ಹೊತ್ತಿಗೆ ರಕ್ತ ಭೇದಿ. ಡಾಕ್ಟರು ಬಾಯಿ ಬಿಡಿಸಿ ಹಲ್ಲು ನೋಡಿ, "ಇದಕ್ಕೆ ಐದು ವಾರವೂ ಆಗಿಲ್ಲಮ್ಮ, ತಾಯಿ ಹತ್ತಿರ ಇರಬೇಕಾದ ಮರಿ" ಅಂದರು. ಪಾರ್ವೋ. ಎಂಟನೆಯ ದಿನ ಹೋಯಿತು.

ಈಗ ಒಂದು ಮಾತು ಹೇಳುತ್ತೇನೆ, ಇದನ್ನು ನಿಮ್ಮ ತಾತನ ಹತ್ತಿರ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಆ ಮರಿಯ ಮುಖ ನನಗೆ ನೆನಪಿಲ್ಲ. ಎಂಟು ದಿನ ನನ್ನ ಮಡಿಲಲ್ಲಿತ್ತು. ಕಣ್ಣು ಹೇಗಿತ್ತು, ಮೂತಿ ಹೇಗಿತ್ತು, ಬಾಲ ಯಾವ ಕಡೆ ಸುರುಳಿ ಸುತ್ತುತ್ತಿತ್ತು, ಒಂದೂ ಹೇಳಲಾರೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಅದರಲ್ಲಿ ಜಿಮ್ಮಿಯನ್ನು ನೋಡುತ್ತಿದ್ದೆ. ತನ್ನದೇ ಒಂದು ಹೆಸರೂ ಇಲ್ಲದೆ ಹೋಯಿತು ಆ ಕೂಸು. ನಿನ್ನ ಮೊಬೈಲಿನ ಚಿತ್ರ ನೋಡಿದಾಗ ನನ್ನ ಗಂಟಲು ಕಟ್ಟಿದ್ದು ಇದಕ್ಕೇ.

ಹೀಗಾಗಿ ಕೇಳು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ಕೊಡುವವನ ಹತ್ತಿರ ಹೋಗಲೇಬೇಡ. ಪಾರ್ವೋ, ಡಿಸ್ಟೆಂಪರ್ ಎಲ್ಲಕ್ಕೂ ಸೇರಿ ಕೊಡುವ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸುತ್ತಾ ಹದಿನಾರು ವಾರದವರೆಗೆ ಹೋಗಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಬಾಯಿಮಾತು ನಂಬಬೇಡ, ಚೀಟಿ ತೋರಿಸು ಅನ್ನು. ಪಾರ್ವೋ ಬಂದುಹೋದ ಮನೆಯಾದರೆ ಆ ವಿಷಾಣು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಸೋಪು ನೀರಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ನೀರೇ ಬೇಕು. ನಾವು ಆ ಚಾಪೆಯನ್ನು ಸುಟ್ಟೆವು.

ಜಾತಿ ನಾಯಿಯ ಹುಚ್ಚೂ ಬೇಡ. '777 ಚಾರ್ಲಿ' ಸಿನಿಮಾ 2022ರಲ್ಲಿ ಬಂದಾಗ ನಿನ್ನ ಜೊತೆಗೇ ಕೂತು ನೋಡಿದೆ, ಇಬ್ಬರೂ ಒಂದೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆವು. ಅದನ್ನು ನೋಡಿ ಬಂದು ನಮ್ಮ ಬೀದಿಯಲ್ಲೇ ಇಬ್ಬರು ಲ್ಯಾಬ್ರಡಾರ್ ತಂದರು. ಆ ಚಿತ್ರ ಹೇಳಿದ್ದು ಅದನ್ನಲ್ಲ. ದುಡ್ಡಿನಾಸೆಗೆ ರಕ್ತಸಂಬಂಧದಲ್ಲೇ ಮರಿ ಹಾಕಿಸುವವನ ಕೈಯಿಂದ ತಪ್ಪಿಸಿಕೊಂಡು ಬಂದ ನಾಯಿ ಅದು. ಅದಕ್ಕೆ ಬಂದ ಕಾಯಿಲೆಯ ಬೇರೂ ಅಲ್ಲೇ ಇತ್ತು. ಬೆಂಗಳೂರಿನಲ್ಲಿ ಇನ್ನೊಬ್ಬ ಚಾರ್ಲಿಯ ಹೆಸರಿನಲ್ಲೂ ಒಂದು ಶೆಲ್ಟರ್ ಇದೆ, ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್. ಆ ಚಾರ್ಲಿ ಮೂರು ಕಾಲಿನ ಬೀದಿ ನಾಯಿ. ನೀನು ಆ ಚಾರ್ಲಿಯ ಬಳಗದ ಕಡೆಗೆ ಹೋಗು. ಪ್ರಾಣಿಗಳನ್ನು ನೋಡಿಕೊಳ್ಳುವ ಕ್ಯೂಪಾ ಸಂಸ್ಥೆಯೂ 1991ರಿಂದ ಅದೇ ಊರಿನಲ್ಲಿದೆ. ನಮ್ಮ ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಇದೆ. ಅಲ್ಲೆಲ್ಲ ಮನೆಗಾಗಿ ಕಾಯುತ್ತಿರುವ ಜೀವಗಳಿಗೆ ಬರವಿಲ್ಲ.

ಆ ಮರಿ ಸತ್ತ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಈ ಮನೆಗೆ ಇನ್ನು ನಾಯಿ ಬೇಡ, ದೇವರಾಣೆ ಅಂದೆ. ಆ ಆಣೆಯೂ ಆತುರದ್ದೇ. ದುಃಖದಲ್ಲಿ ಇಟ್ಟ ಆಣೆಗೆ ದೇವರು ಲೆಕ್ಕ ಇಡುವುದಿಲ್ಲ, ನೀನು ಏನಾದರೂ ಇಟ್ಟಿದ್ದರೆ ಬಿಟ್ಟುಬಿಡು.

ಆರು ತಿಂಗಳು ಕಳೆದಿತ್ತು. ಮಳೆಗಾಲ. ಒಂದು ಶೆಲ್ಟರಿನವರು ನಾಯಿಗಳಿಗೆ ಹಾಸಲು ಗೋಣಿಚೀಲ, ಹಳೇ ಬಟ್ಟೆ ಬೇಕು ಅಂದಿದ್ದರು. ನಾನೂ ನಿಮ್ಮ ತಾತನೂ ಒಂದು ಗಂಟು ಕಟ್ಟಿಕೊಂಡು ಹೋದೆವು. ಮುಂದಿನ ಗೂಡುಗಳಲ್ಲಿ ಮರಿಗಳು ಕಂಬಿ ಹತ್ತಿ ಕುಣಿಯುತ್ತಿದ್ದವು. ಬಂದವರೆಲ್ಲ ಅಲ್ಲೇ ನಿಲ್ಲುತ್ತಿದ್ದರು. ಹಿಂದಿನ ಸಾಲಿನ ಮೂಲೆಯಲ್ಲಿ ಒಂದು ಕೆಂದು ಬಣ್ಣದ ಹೆಣ್ಣು ನಾಯಿ ಗೋಡೆಗೆ ಮುಖ ಮಾಡಿ ಕೂತಿತ್ತು. ಎಡಗಿವಿಯ ತುದಿಯಲ್ಲಿ ಕಚ್ಚು. ಸಂತಾನಹರಣ ಆದ ಬೀದಿ ನಾಯಿಗಳಿಗೆ ಹಾಗೆ ಗುರುತು ಮಾಡುತ್ತಾರೆ. "ಇದು ಯಾರನ್ನೂ ನೋಡಲ್ಲಮ್ಮ, ಇದನ್ನೂ ಯಾರೂ ಕೇಳಲ್ಲ" ಅಂದ ಅಲ್ಲಿಯ ಹುಡುಗ.

ಅವತ್ತೇ ತರಲಿಲ್ಲ. ಇದನ್ನು ನೀನು ಮುಖ್ಯವಾಗಿ ಗಮನಿಸು. ನಾಲ್ಕು ಭಾನುವಾರ ಹೋದೆ. ಗೂಡಿನ ಹೊರಗೆ ಒಂದು ಸ್ಟೂಲು ಹಾಕಿಸಿಕೊಂಡು ಹೂ ಕಟ್ಟುತ್ತಾ ಕೂರುತ್ತಿದ್ದೆ. ಮಾತಾಡಿಸಲಿಲ್ಲ. ಮೂರನೆಯ ಭಾನುವಾರ ಅದು ಗೋಡೆ ಬಿಟ್ಟು ಪಕ್ಕಕ್ಕೆ ತಿರುಗಿತು. ನಾಲ್ಕನೆಯ ವಾರ ನನ್ನ ಕಡೆ ನೋಡಿತು. ಕಣ್ಣಿನ ಸುತ್ತ ಕಪ್ಪು ಗೆರೆ, ಕಾಡಿಗೆ ತೀಡಿದ ಹಾಗೆ. ಮೂತಿಯ ಬಲಗಡೆ ಹಳೇ ಗಾಯದ ಒಂದು ಬೋಳು ಗೆರೆ. ಬಾಯಿಗೆ ತಾನಾಗಿ ಬಂತು, "ಏನೇ ಕೆಂಚಿ" ಅಂದೆ. 'ಕರ್ವಾಲೊ' ಓದಿದ್ದೀಯಲ್ಲ, ಅದರಲ್ಲಿನ ನಾಯಿಯ ಹೆಸರು ಕಿವಿ. ಅಂಥ ಹೆಸರು ನಾಯಿಯ ಎದುರು ಕೂತು ಅದರ ಮುಖ ನೋಡಿದವರಿಗೆ ಮಾತ್ರ ಹೊಳೆಯುವುದು. ನೀನೂ ಹೆಸರನ್ನು ಮನೆಯಿಂದ ಕಟ್ಟಿಕೊಂಡು ಹೋಗಬೇಡ.

ಮನೆಗೆ ಬಂದವಳು ಸೀದಾ ಮಂಚದ ಕೆಳಗೆ. ನಾನು ಅನ್ನ ಕಲಸಿ, ಜಿಮ್ಮಿಯ ಸ್ಟೀಲ್ ತಟ್ಟೆಯಲ್ಲಿ ಹಾಕಿ ಮುಂದಿಟ್ಟೆ. ಅದೇ ತಟ್ಟೆ ಯಾಕೆ ತೆಗೆದೆ ಅಂತ ಕೇಳಬೇಡ, ಕೈ ಅದನ್ನು ಇಟ್ಟಿದ್ದ ಡಬ್ಬದ ಹಿಂದೆ ಹೋಯಿತು. ಮುಟ್ಟಲಿಲ್ಲ. ರಾತ್ರಿ ಹಾಲು ಅನ್ನ, ಮುಟ್ಟಲಿಲ್ಲ. ಮರುದಿನ ಮೊಟ್ಟೆ ಬೇಯಿಸಿ ಹಾಕಿದೆ. ತಟ್ಟೆ ನೆಲಕ್ಕೆ ತಾಗಿ ಟಣ್ ಅಂದಿತು. ಅವಳು ಇನ್ನೂ ಒಳಗೆ ಸರಿದಳು, ಇದ್ದಲ್ಲೇ ಉಚ್ಚೆ ಹೊಯ್ದುಕೊಂಡಳು. ನನಗೆ ಮೊದಲು ಏನನ್ನಿಸಿತು ಗೊತ್ತಾ? ಜಿಮ್ಮಿಯ ತಟ್ಟೆಯಲ್ಲಿ ಬೇರೆಯವರು ಉಣ್ಣುವುದು ಜಿಮ್ಮಿಗೇ ಇಷ್ಟವಿಲ್ಲ ಅಂತ. ಅಲ್ಲೂ ಜಿಮ್ಮಿಯೇ ಬಂದ ನೋಡು, ಹಸಿದವಳು ಎದುರಿಗೇ ಇದ್ದರೂ.

ಶೆಲ್ಟರಿಗೆ ಫೋನ್ ಮಾಡಿದೆ. ಅವಳು ಒಂದು ಹೋಟೆಲಿನ ಹಿಂಬದಿಯಲ್ಲಿ ಬೆಳೆದವಳಂತೆ. ಪಾತ್ರೆ ತೊಳೆಯುವ ಜಾಗದ ಹತ್ತಿರ ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರಂತೆ. ಮೂತಿಯ ಮೇಲಿನ ಗೆರೆ ಹಾಗೆ ಆದದ್ದು. ನಾನು ತಟ್ಟೆ ತೆಗೆದು ಅಟ್ಟಕ್ಕೆ ಹಾಕಿದೆ. ಅದೇ ಅನ್ನವನ್ನು ಒಂದು ತುಂಡು ಬಾಳೆಲೆಯ ಮೇಲೆ ಸುರಿದು, ಮಂಚದ ಕಾಲಿನ ಹತ್ತಿರ ಇಟ್ಟು, ಅಡುಗೆಮನೆಗೆ ಹೋಗಿ ಬೆನ್ನು ಹಾಕಿ ನಿಂತೆ. ಸ್ವಲ್ಪ ಹೊತ್ತಿಗೆ ಎಲೆ ಸರಸರ ಅಂದ ಸದ್ದು. ತಿರುಗಿ ನೋಡುವ ಆಸೆ ಎಷ್ಟಿತ್ತು ಅಂತೀಯ! ನೋಡಲಿಲ್ಲ.

ರೆಸ್ಕ್ಯೂ ನಾಯಿಗಳ ಜೊತೆ ಇದ್ದವರು ಒಂದು ಲೆಕ್ಕ ಹೇಳುತ್ತಾರೆ: ಮೂರು ದಿನ ಹೆದರಿಕೆಗೆ, ಮೂರು ವಾರ ಮನೆಯ ಕ್ರಮ ಕಲಿಯುವುದಕ್ಕೆ, ಮೂರು ತಿಂಗಳು ಇದು ನನ್ನ ಮನೆ ಅನ್ನಿಸುವುದಕ್ಕೆ. ಅಂದಾಜಿಗೆ ಸರಿ, ಆದರೆ ನಾಯಿ ಕ್ಯಾಲೆಂಡರ್ ನೋಡುವುದಿಲ್ಲ. ನಮ್ಮ ಕೆಂಚಿಗೆ ಎಂಟು ತಿಂಗಳು ಹಿಡಿಯಿತು. ಪೊರಕೆ ಕಂಡರೆ ಓಡುತ್ತಿದ್ದಳು, ಅದಕ್ಕೆ ಅವಳು ಹಿತ್ತಲಿಗೆ ಹೋದಾಗ ಕಸ ಗುಡಿಸುತ್ತಿದ್ದೆ. ತಾತ ಪ್ಯಾಂಟಿನ ಬೆಲ್ಟು ಬಿಚ್ಚಿದರೆ ನಡುಗುತ್ತಿದ್ದಳು. ಅವರು ಆಮೇಲೆ ಬಚ್ಚಲುಮನೆಗೆ ಹೋಗಿ ಬಿಚ್ಚುವುದನ್ನು ರೂಢಿ ಮಾಡಿಕೊಂಡರು, ಇವತ್ತಿಗೂ ಹಾಗೇ ಮಾಡುತ್ತಾರೆ. ಲೈಟಿನ ಸ್ವಿಚ್ಚಿಗೆ ಕೈ ಎತ್ತಿದರೂ ತಲೆ ತಗ್ಗಿಸುತ್ತಿದ್ದಳು. ನೀನು ಇದನ್ನೆಲ್ಲ ನೋಡಿ "ಪ್ರೀತಿ ಕೊಟ್ಟರೆ ಸರಿಹೋಗುತ್ತೆ" ಎಂದು ಓಡಿಹೋಗಿ ತಬ್ಬಿಕೊಳ್ಳುವ ಪೈಕಿ. ಅದನ್ನು ಮಾಡಬೇಡ. ಹೆದರಿದ ನಾಯಿಗೆ ಅಪ್ಪುಗೆಯೂ ಹಿಡಿತವೇ. ಅದು ತಾನಾಗಿ ಬರುವವರೆಗೆ ಪಕ್ಕದಲ್ಲಿರು, ಸಾಕು.

ಕಚ್ಚಿದರೆ? ಹಲ್ಲು ತಾಗಿತು, ಉಗುರು ಗೀರಿತು ಅಂದರೆ ಮುಚ್ಚಿಡಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆ, ಅವತ್ತೇ ಆಸ್ಪತ್ರೆಗೆ ಹೋಗು. ಅರಿಸಿನ ಸುಣ್ಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಬೀದಿಯಲ್ಲಿ ಬೆಳೆದ ನಾಯಿಗೆ ಉಣ್ಣೆಯಿಂದ ಬರುವ ಜ್ವರ ಒಳಗೇ ಇರಬಹುದು, ಮೇಲೆ ತೋರದೆ. ಮನೆಗೆ ತಂದ ವಾರದಲ್ಲೇ ರಕ್ತ ಪರೀಕ್ಷೆ ಮಾಡಿಸು, ಜಂತಿನ ಮಾತ್ರೆ ಕೇಳು. ಕತ್ತುಪಟ್ಟಿಯಲ್ಲಿ ನಿನ್ನ ಫೋನ್ ನಂಬರ್ ಬರೆಸು, ಮೊದಲ ದೀಪಾವಳಿಗೆ ಮೊದಲೇ. ಪಟಾಕಿ ಸದ್ದಿಗೆ ಗೇಟು ಹಾರಿ ಓಡಿದ ನಾಯಿಗೆ ಹೊಸ ಊರಿನಲ್ಲಿ ಮನೆಯ ದಾರಿ ಗೊತ್ತಿರುವುದಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಬೇಡ ಅಂತ ನಿನಗೆ ಗೊತ್ತೇ ಇದೆ. ಗೊತ್ತಿದ್ದೂ ಬ್ರೂನೋಗೆ ಹುಟ್ಟುಹಬ್ಬದ ಕೇಕು ತಿನ್ನಿಸಿದ್ದು ನನಗೆ ಗೊತ್ತು.

ಇನ್ನೊಂದು ಕೇಳಲೇ? ಸಿಟ್ಟಾಗಬೇಡ. ಬ್ರೂನೋನನ್ನು ಬೆಳಿಗ್ಗೆ ಆರಕ್ಕೆ ಹೊರಗೆ ಕರೆದುಕೊಂಡು ಹೋಗುತ್ತಿದ್ದವರು ಯಾರು? ನಿಮ್ಮಮ್ಮ. ಮಳೆ ಬಂದರೂ ಅವಳೇ, ಮಂಡಿ ನೋವಿದ್ದರೂ ಅವಳೇ. ನೀನು ಸಂಜೆ ಬಂದು ಮುದ್ದು ಮಾಡಿ ಫೋಟೋ ತೆಗೆಯುತ್ತಿದ್ದೆ. ನಿನ್ನ ಪ್ರೀತಿ ಸುಳ್ಳು ಅನ್ನುತ್ತಿಲ್ಲ. ಕೊನೆಯ ಮೂರು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಲಗಿದ್ದು ನೀನೇ, ಅದನ್ನು ನಾನು ಮರೆಯುವುದಿಲ್ಲ. ಅಷ್ಟು ಮಾಡಬಲ್ಲ ನಿನಗೆ ಬೆಳಿಗ್ಗೆ ಆರಕ್ಕೆ ಏಳುವುದು ದೊಡ್ಡದಲ್ಲ. ಆದ್ದರಿಂದ ನಾಯಿ ತರುವುದಕ್ಕೆ ಮೊದಲು ಒಂದು ತಿಂಗಳು ನೀನೇ ಆರಕ್ಕೆ ಎದ್ದು, ಬ್ರೂನೋ ಹೋಗುತ್ತಿದ್ದ ದಾರಿಯಲ್ಲಿ ಒಬ್ಬನೇ ನಡೆದು ಬಾ. ಮೊದಲ ವಾರ ಅಳು ಬರುತ್ತದೆ. ಬರಲಿ. ಆ ದಾರಿಯಲ್ಲಿ ಬೇರೆ ನಾಯಿಗಳು ಸಿಗುತ್ತವೆ. ಮೊದಮೊದಲು ಪ್ರತಿಯೊಂದರಲ್ಲೂ ಬ್ರೂನೋನ ಕಿವಿಯನ್ನೋ ಬಾಲವನ್ನೋ ಹುಡುಕುತ್ತೀಯ. ಒಂದು ದಿನ ಯಾವುದೋ ಒಂದನ್ನು ಕಂಡು, ಅದರದೇ ಕುಂಟು ನಡಿಗೆ ನೋಡಿ, ಅದರದೇ ಕಳ್ಳ ಮುಖ ನೋಡಿ ನಗು ಬರುತ್ತದೆ. ಅವತ್ತು ನನಗೆ ಫೋನ್ ಮಾಡು. ಶೆಲ್ಟರಿಗೆ ನಾನೇ ಜೊತೆಗೆ ಬರುತ್ತೇನೆ.

ಕೆಂಚಿ ಯಾವತ್ತೂ ಜಿಮ್ಮಿ ಆಗಲಿಲ್ಲ. ಜಿಮ್ಮಿ ಯುಗಾದಿ ದಿನ ಒಬ್ಬಟ್ಟು ಕದ್ದು ಸೋಫಾ ಹಿಂದೆ ಕೂತು ತಿನ್ನುತ್ತಿದ್ದ. ಕೆಂಚಿ ಬಾಗಿಲು ತೆಗೆದಿಟ್ಟರೂ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅವನು ಮಡಿಲಿನ ನಾಯಿ. ಇವಳಿಗೆ ಮಡಿಲು ಬೇಡ, ನಾನು ದೇವರ ಮನೆಯಲ್ಲಿ ಕೂತಾಗ ನನ್ನ ಸೆರಗಿನ ತುದಿ ಹೊಸ್ತಿಲಾಚೆ ಬಿದ್ದಿದ್ದರೆ ಅದರ ಮೇಲೆ ಒಂದು ಕಾಲು ಇಟ್ಟು ಮಲಗುತ್ತಾಳೆ. ನಾನು ಏಳಬೇಕಾದರೆ ಅವಳಿಗೆ ಹೇಳಿ ಏಳಬೇಕು. ಜಿಮ್ಮಿಯ ಫೋಟೋ ಹಜಾರದಲ್ಲಿ ಹಾಗೇ ಇದೆ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಜಗಳವಿಲ್ಲ. ಬ್ರೂನೋನ ಬೆಲ್ಟನ್ನೂ ಆ ಹಳದಿ ಚೆಂಡನ್ನೂ ಹೊಸದಕ್ಕೆ ಕೊಡಬೇಡ. ನಿನ್ನ ಬೀರುವಿನಲ್ಲಿ ಇಟ್ಟುಕೋ, ಅವು ನಿನ್ನವು. ಹೊಸದಕ್ಕೆ ಹೊಸ ಬೆಲ್ಟು ನಾನು ಕೊಡಿಸುತ್ತೇನೆ.

ಕೆಂಚಿ ನಿನ್ನನ್ನು ಕಂಡರೆ ಇವತ್ತಿಗೂ ಎದ್ದು ಒಳಗೆ ಹೋಗುತ್ತಾಳಲ್ಲ, "ಅಜ್ಜಿ, ಇವಳಿಗೆ ನಾನು ಅಂದ್ರೆ ಆಗಲ್ಲ" ಅಂತ ಪ್ರತಿ ಸಲ ದೂರುತ್ತೀಯ. ನೀನು ಗೇಟಿನಿಂದಲೇ ಕೂಗಿಕೊಂಡು ಬರುತ್ತೀಯ, ಬಂದವನೇ ಅವಳ ತಲೆ ಮೇಲೆ ಕೈ ಹಾಕುತ್ತೀಯ. ಮುಂದಿನ ಭಾನುವಾರ ಬಾ. ಗೇಟು ಮೆಲ್ಲಗೆ ತೆಗೆ. ಮೊಬೈಲನ್ನು ಶೂ ಸ್ಟ್ಯಾಂಡಿನ ಮೇಲೆ ಇಡು. ಹಜಾರದಲ್ಲಿ ನೆಲದ ಮೇಲೆ, ಅವಳಿಗೆ ಪಕ್ಕ ಕೊಟ್ಟು ಕೂತುಕೋ. ಕರೆಯಬೇಡ, ಬಿಸ್ಕತ್ತಿನ ಪೊಟ್ಟಣ ಅಲ್ಲಾಡಿಸಬೇಡ. ಕಾಫಿ ನಾನು ಅಲ್ಲಿಗೇ ತಂದುಕೊಡುತ್ತೇನೆ, ಈ ಸಲ ಪೂರ್ತಿ ಲೋಟ ಕುಡಿ.